ಮುಂದೆ ಶೀಲ್ಡ್, ಹಿಂದೆ ಕತ್ತುನೋವು: ಬೈಕ್ ವಿಂಡ್‌ಶೀಲ್ಡ್ ದೋಷ ಹುಡುಕುವ ಕೈಪಿಡಿ

ಬೈಕಿನ ಹ್ಯಾಂಡಲ್ ಮುಂದೆ ಗಾಳಿ ತಡೆಯುವ ಪ್ಲಾಸ್ಟಿಕ್ ವಿಂಡ್‌ಶೀಲ್ಡ್ ಹಾಕಿಸಿದ ಮೇಲೆ ಅದು ನಮ್ಮ ಮೊದಲ ದೂರದ ಪ್ರಯಾಣ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೊರಟಿದ್ದೆವು. ನನ್ನ ಎದೆಗೆ ಗಾಳಿಯೇ ತಾಗುತ್ತಿರಲಿಲ್ಲ, ಹಾಯಾಗಿತ್ತು. ಬೆಳ್ಳೂರು ಕ್ರಾಸ್‌ನಲ್ಲಿ ಕಾಫಿಗೆ ನಿಲ್ಲಿಸಿದಾಗ ಹೆಂಡತಿ ಹೆಲ್ಮೆಟ್ ತೆಗೆದವಳೇ ಕತ್ತು ಹಿಡಿದುಕೊಂಡು ಕೂತಳು. "ರೀ, ನೆಲಮಂಗಲ ದಾಟಿದಾಗಿನಿಂದ ಯಾರೋ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದ ಹಾಗಾಗ್ತಿದೆ. ಮೊದಲು ಹೀಗಿರಲಿಲ್ಲ" ಅಂದಳು.

ಮುಂದಿನ ಭಾನುವಾರ ಗೆಳೆಯನ ಕೈಗೆ ಬೈಕ್ ಕೊಟ್ಟು, ಕುಣಿಗಲ್ ದಾರಿಯಲ್ಲಿ ನಾನೇ ಹಿಂದೆ ಕೂತೆ. ಇಪ್ಪತ್ತು ನಿಮಿಷಕ್ಕೆ ಅವಳು ಹೇಳಿದ್ದೆಲ್ಲ ಅರ್ಥವಾಯಿತು. ನಾವು ಶೀಲ್ಡ್ ಕೊಳ್ಳುವುದು ಓಡಿಸುವವರ ಎತ್ತರ ನೋಡಿ. ಚೆನ್ನಾಗಿದೆ ಅಂತ ಒಪ್ಪಿಕೊಳ್ಳುವುದೂ ಓಡಿಸುವವರ ಸೀಟಿನಲ್ಲಿ ಕೂತೇ. ತೊಂದರೆ ಕಾಣುವುದು ಮಾತ್ರ ಹಿಂದಿನ ಸೀಟಿನಲ್ಲಿ. ಅದಕ್ಕೇ ಈ ಕೈಪಿಡಿಯ ಪರೀಕ್ಷೆಗಳಲ್ಲಿ ಹಿಂದೆ ಕೂತವರ ಮಾತಿಗೆ ಮೊದಲ ಜಾಗ. ಸುಮ್ನೆ ಹೊಸ ಶೀಲ್ಡ್ ಕೊಳ್ಳುವ ಮೊದಲು ಇವನ್ನು ಮಾಡಿ ನೋಡಿ. ಹೆಚ್ಚಿನವಕ್ಕೆ ದುಡ್ಡೇ ಬೇಡ.

ಶುರು ಮಾಡುವ ಮೊದಲು

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಶೀಲ್ಡಿನ ಎರಡು ಬದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಪ್ಲಾಸ್ಟಿಕ್ ಸ್ವಲ್ಪ ಬಾಗಿದರೆ ಪರವಾಗಿಲ್ಲ. ಕ್ಲ್ಯಾಂಪ್ ಜಾರುವುದಾಗಲಿ, ಬೋಲ್ಟ್ ತಿರುಗುವುದಾಗಲಿ ಆಗಬಾರದು. ಆಮೇಲೆ ಹ್ಯಾಂಡಲನ್ನು ಎಡತುದಿಯಿಂದ ಬಲತುದಿವರೆಗೆ ಪೂರ್ತಿ ತಿರುಗಿಸಿ. ಶೀಲ್ಡಾಗಲಿ ಅದರ ಕಂಬಿಯಾಗಲಿ ಟ್ಯಾಂಕಿಗೆ, ಕ್ಲಚ್ ಕೇಬಲ್‌ಗೆ, ಬ್ರೇಕ್ ಪೈಪಿಗೆ ತಾಗಬಾರದು. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲೇ ಇಟ್ಟು ಇನ್ನೊಮ್ಮೆ ಹಾಗೇ ತಿರುಗಿಸಿ. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಶಬ್ದ ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಅದು ಸರಿಯಾಗುವವರೆಗೆ ಬೈಕ್ ರಸ್ತೆಗಿಳಿಸಬೇಡಿ.

ಓಡಿಸಿ ನೋಡುವ ಪರೀಕ್ಷೆಗೆ ವಾಹನ ಕಡಿಮೆ ಇರುವ ನೇರ ರಸ್ತೆ ಆರಿಸಿಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಆಗಸ್ಟ್ 2023ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಅಲ್ಲಿ ಹೋಗುವ ಯೋಚನೆ ಬೇಡ. ಗಂಟೆಗೆ 60, 70, 80 ಕಿ.ಮೀ., ಈ ಮೂರು ವೇಗ ಸಾಕು. ಎಂಬತ್ತಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 40ರಲ್ಲಿ ಇದ್ದದ್ದು 80ಕ್ಕೆ ನಾಲ್ಕು ಪಟ್ಟು. ಊರೊಳಗೆ ಗೊತ್ತೇ ಆಗದ ದೋಷ ಹೆದ್ದಾರಿಯಲ್ಲಿ ಎದ್ದು ಕಾಣುವುದು ಇದಕ್ಕೇ. ಇಬ್ಬರಿಗೂ ಹೆಲ್ಮೆಟ್ ಇರಲಿ, ಪಟ್ಟಿ ಬಿಗಿಯಾಗಿರಲಿ. ಹಿಂದೆ ಕೂತವರು ಪರೀಕ್ಷೆಗೆಂದು ಎದ್ದು ನಿಲ್ಲುವುದು, ಓಡಿಸುವವರು ಹ್ಯಾಂಡಲಿನಿಂದ ಕೈ ಬಿಡುವುದು ಎರಡೂ ಬೇಡ.

ಲಕ್ಷಣ: ಹಿಂದೆ ಕೂತವರ ಹೆಲ್ಮೆಟ್ ಪಟಪಟ ಅಲ್ಲಾಡುತ್ತದೆ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಹೊಳೆಯ ಮಧ್ಯೆ ಒಂದು ಬಂಡೆ ಇದ್ದರೆ ಅದರ ಹಿಂದೆ ನೀರು ಸುಳಿ ತಿರುಗುವುದನ್ನು ನೋಡಿರುತ್ತೀರಿ. ಬಂಡೆಗೆ ತೀರಾ ಹತ್ತಿರ ನೀರು ನಿಂತಂತೆ ಇರುತ್ತದೆ, ಸ್ವಲ್ಪ ಹಿಂದೆ ಸುಳಿ ಏಳುತ್ತದೆ. ಶೀಲ್ಡಿನ ಹಿಂದೆ ಗಾಳಿ ಮಾಡುವುದೂ ಅದನ್ನೇ. ಓಡಿಸುವವರು ನಿಂತ ಗಾಳಿಯಲ್ಲಿರುತ್ತಾರೆ. ಹಿಂದಿನ ಸೀಟು ಒಂದು ಗೇಣು ಎತ್ತರದಲ್ಲಿ ಇರುತ್ತದಲ್ಲ, ಅಲ್ಲಿರುವ ತಲೆ ಸರಿಯಾಗಿ ಸುಳಿಯೊಳಗೆ ಸಿಗುತ್ತದೆ. ಶೀಲ್ಡ್ ಇಲ್ಲದಾಗ ಅವರಿಗೆ ಸಿಗುತ್ತಿದ್ದದ್ದು ನೇರವಾಗಿ ಬೀಸುವ ಗಾಳಿ. ಜೋರಾಗಿದ್ದರೂ ಒಂದೇ ದಿಕ್ಕಿನದು. ಕತ್ತು ನೋಯಿಸುವುದು ಜೋರು ಗಾಳಿಗಿಂತ ಹೆಚ್ಚಾಗಿ ದಿಕ್ಕು ಬದಲಿಸುತ್ತಾ ಬಡಿಯುವ ಗಾಳಿ.

ಮೊದಲ ಪರೀಕ್ಷೆ: ಶೀಲ್ಡ್ ಬಿಚ್ಚಿಟ್ಟು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ ಬನ್ನಿ. ಅಲ್ಲಾಟ ಹಾಗೇ ಇದ್ದರೆ ಶೀಲ್ಡಿನ ತಪ್ಪಲ್ಲ. ಹೆಲ್ಮೆಟ್ ನೋಡಿ. ಪಟ್ಟಿ ಹಾಕಿಕೊಂಡು ಹೆಲ್ಮೆಟನ್ನು ಕೈಯಲ್ಲಿ ಹಿಡಿದು ಎಡಬಲಕ್ಕೆ ತಿರುಗಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಅದು ದೊಡ್ಡದಾಯಿತು. ಹಣೆಯ ಮೇಲೆ ಟೋಪಿಯಂತೆ ಮುಂದೆ ಚಾಚಿದ ಹೆಲ್ಮೆಟ್‌ಗಳೂ ಗಾಳಿ ಹಿಡಿದು ತಲೆ ಎತ್ತಿಸುತ್ತವೆ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಹೆಲ್ಮೆಟ್ ಓಡಿಸುವವರದ್ದು, ಹಿಂದೆ ಕೂರುವವರಿಗೆ ದಂಡ ತಪ್ಪಿಸಲು ತಂದ ಹಗುರದ್ದು. ಇದು ನನಗೆ ಬಹಳ ಬೇಸರದ ಸಂಗತಿ. ಐಎಸ್‌ಐ ಗುರುತಿನ, ಅಳತೆಗೆ ಸರಿಯಾದ ಹೆಲ್ಮೆಟ್ ಇಬ್ಬರಿಗೂ ಬೇಕು.

ಶೀಲ್ಡ್ ಬಿಚ್ಚಿದಾಗ ಅಲ್ಲಾಟ ನಿಂತರೆ ಮುಂದಿನ ಹೆಜ್ಜೆ ಉಲನ್ ದಾರ. ಬೆರಳುದ್ದದ ಏಳೆಂಟು ತುಂಡು ಮಾಡಿ, ಹಿಂದೆ ಕೂರುವವರ ಭುಜಕ್ಕೆ, ತೋಳಿಗೆ, ಹೆಲ್ಮೆಟಿನ ಎರಡು ಪಕ್ಕ ಮತ್ತು ನೆತ್ತಿಗೆ ಸೆಲ್ಲೋ ಟೇಪಿನಲ್ಲಿ ಒಂದು ತುದಿ ಮಾತ್ರ ಅಂಟಿಸಿ. ಪಕ್ಕದಲ್ಲಿ ದೂರ ಕಾಯ್ದುಕೊಂಡು ಬರುವ ಇನ್ನೊಂದು ಬೈಕಿನಲ್ಲಿ ಹಿಂದೆ ಕೂತವರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ನಮ್ಮ ವಿಡಿಯೊದಲ್ಲಿ ತೋಳಿನ ದಾರಗಳು ಹಿಂದಕ್ಕೆ ಬಾಚಿದಂತೆ ಮಲಗಿದ್ದವು. ಭುಜದ್ದು ಜೋತುಬಿದ್ದಿತ್ತು. ಹೆಲ್ಮೆಟಿನ ಪಕ್ಕದ ಎರಡು ದಾರ ಮಾತ್ರ ಮೇಲಕ್ಕೂ ಮುಂದಕ್ಕೂ ಕುಣಿಯುತ್ತಿದ್ದವು. ಸುಳಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ ಹಾಗಿತ್ತು. ದಾರ ಹಿಂದಕ್ಕೆ ಮಲಗಿದ್ದರೆ ಅಲ್ಲಿ ನೇರ ಗಾಳಿ. ಜೋತುಬಿದ್ದಿದ್ದರೆ ನಿಂತ ಗಾಳಿ. ಕುಣಿದರೆ ಸುಳಿ. ಹಿಂದೆ ಕೂತವರ ತಲೆ ಮೊದಲ ಎರಡರಲ್ಲಿ ಯಾವುದಾದರೂ ಒಂದರೊಳಗೆ ಪೂರ್ತಿ ಬರಬೇಕು. ಎರಡರ ಗಡಿಯಲ್ಲಿ ಸಿಕ್ಕಿಕೊಂಡರೇ ತೊಂದರೆ.

ಈಗ ದುಡ್ಡಿಲ್ಲದ ಬದಲಾವಣೆಗಳು. ಒಂದೊಂದನ್ನೇ ಮಾಡಿ, ಮಾಡಿದ ಮೇಲೆ ಓಡಿಸಿ ನೋಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇಬ್ಬರ ನಡುವಿನ ಜಾಗ ನೋಡಿ. ನಡುವೆ ಒಂದು ಗೇಣು ಖಾಲಿ ಇದ್ದರೆ ಗಾಳಿ ಅಲ್ಲೇ ಇಳಿಯುತ್ತದೆ. ಹಿಂದೆ ಕೂತವರು ಸ್ವಲ್ಪ ಮುಂದೆ ಸರಿದರೆ ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿ. ಇದನ್ನು ಯಾರೂ ನೆನಪಿಸುವುದಿಲ್ಲ. ಒಬ್ಬರೇ ಇದ್ದಾಗ ಹೊಂದಿಸಿದ ಶೀಲ್ಡು, ಹಿಂದೆ ಒಬ್ಬರು ಕೂತು ಬ್ಯಾಗೂ ಏರಿದಾಗ ಹಿಂದಕ್ಕೆ ವಾಲುತ್ತದೆ, ಏಕೆಂದರೆ ಬೈಕಿನ ಹಿಂಭಾಗ ಕುಸಿದು ಮುಂಭಾಗ ಎದ್ದಿರುತ್ತದೆ. ಆಗ ಗಾಳಿ ಹಾರುವ ದಾರಿಯೂ ಬದಲಾಗುತ್ತದೆ. ಬೈಕಿನ ಜೊತೆ ಬಂದ ಟೂಲ್ ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವ ಕೊಕ್ಕೆಯಂಥ ಸ್ಪ್ಯಾನರ್‌ನಲ್ಲಿ ಎರಡೂ ಕಡೆಯ ಶಾಕನ್ನು ಒಂದೇ ಲೆಕ್ಕಕ್ಕೆ ಒಂದೆರಡು ಹಲ್ಲು ಬಿಗಿ ಮಾಡಿ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದರೆ ಅದೂ ಇದರಿಂದಲೇ ಸರಿಯಾಗಬಹುದು.

ಶೀಲ್ಡಿನ ಕೋನ ಬದಲಿಸಿ. ಸ್ವಲ್ಪ ನೆಟ್ಟಗೆ ಮಾಡಿದರೆ ಗಾಳಿ ಮೇಲಕ್ಕೆ ಹಾರುತ್ತದೆ, ಹಿಂದಕ್ಕೆ ಮಲಗಿಸಿದರೆ ತಗ್ಗಿನಲ್ಲಿ ಹೋಗುತ್ತದೆ. ಒಂದು ಸಲಕ್ಕೆ ಒಂದು ಬೆರಳಿನಷ್ಟೇ ಬದಲಿಸಿ.

ಕೊನೆಗೆ ಶೀಲ್ಡಿನ ಕೆಳಗಿನ ಸಂದು. ತಳದಲ್ಲಿ ಗಾಳಿ ಒಳಬರಲು ದಾರಿಯೇ ಇಲ್ಲದಿದ್ದರೆ ಶೀಲ್ಡಿನ ಹಿಂದೆ ಒತ್ತಡ ತಗ್ಗಿ, ಮೇಲೆ ಹಾರಿದ ಗಾಳಿಯನ್ನು ಕೆಳಕ್ಕೆ ಎಳೆಯುತ್ತದೆ. ಆ ಎಳೆತದ ಏಟು ಬೀಳುವುದು ಹಿಂದಿನ ಸೀಟಿಗೆ. ಬೋಲ್ಟಿಗೆ ದಪ್ಪ ರಬ್ಬರ್ ವಾಷರ್ ಕೊಟ್ಟು ಶೀಲ್ಡನ್ನು ಒಂದೆರಡು ಸೆಂ.ಮೀ. ಮುಂದಕ್ಕೆ ನಿಲ್ಲಿಸಿ ನೋಡಿ. ಬೋಲ್ಟ್ ಉದ್ದ ಸಾಲದಿದ್ದರೆ ಉದ್ದದ್ದು ಹಾಕಿ. ಹಿಡಿದಿರುವ ಸುತ್ತು ಕಡಿಮೆಯಾಗುವುದು ಅಪಾಯ. ನಮ್ಮ ಬೈಕಿನಲ್ಲಿ ಮುಕ್ಕಾಲು ಪಾಲು ತೊಂದರೆ ಹೋದದ್ದು ಈ ಸಂದು ಮತ್ತು ಶಾಕ್ ಎರಡರಿಂದಲೇ.

ಇಷ್ಟಾದರೂ ಹೋಗದಿದ್ದರೆ ಎತ್ತರದ ಪ್ರಶ್ನೆ. ಶೀಲ್ಡಿನ ಮೇಲಂಚಿಗೆ ಸಿಕ್ಕಿಸುವ ಚಿಕ್ಕ ಗಾಳಿತಡೆ ಬರುತ್ತದೆ. ಗೆಳೆಯರ ಹತ್ತಿರ ಇದ್ದರೆ ಎರವಲು ತಂದು ಹಾಕಿ ನೋಡಿ. ಅದರಿಂದ ಕಡಿಮೆಯಾದರೆ ಎತ್ತರದ ಶೀಲ್ಡ್ ಬೇಕು ಅಂತ ಅರ್ಥ. ಇನ್ನೂ ಜಾಸ್ತಿಯಾದರೆ ಗಿಡ್ಡದ್ದು ಬೇಕು. ರಟ್ಟು ಅಂಟಿಸಿ ಪರೀಕ್ಷೆ ಮಾಡಬೇಡಿ. ಅದು ಕಿತ್ತುಕೊಂಡರೆ ನೇರ ಮುಖಕ್ಕೇ ಬರುತ್ತದೆ.

ಲಕ್ಷಣ: ಯಾರೋ ಬೆನ್ನಿನಿಂದ ಮುಂದಕ್ಕೆ ತಳ್ಳಿದಂತೆ, ಮಳೆಯಲ್ಲಿ ಬೆನ್ನು ಮಾತ್ರ ಒದ್ದೆ

ಶೀಲ್ಡ್ ತೀರಾ ದೊಡ್ಡದಾಯಿತು, ಇಲ್ಲವೇ ತಳದಲ್ಲಿ ಗಾಳಿಗೆ ದಾರಿ ಇಲ್ಲ. ಮುಂದೆ ಒತ್ತಡ ಕಡಿಮೆಯಾಗಿ ಗಾಳಿ ಹಿಂದಿನಿಂದ ಸುತ್ತಿ ಬರುತ್ತದೆ, ಚಕ್ರ ಎರಚುವ ನೀರನ್ನೂ ಹೊತ್ತು ತರುತ್ತದೆ. ಮೇಲೆ ಹೇಳಿದ ಸಂದಿನ ಉಪಾಯವೇ ಮೊದಲು. ಹಿಂದೆ ಸಾಮಾನು ಇಡುವ ಟಾಪ್ ಬಾಕ್ಸ್ ಇದ್ದರೆ ಅದನ್ನು ಬಿಚ್ಚಿಟ್ಟು ಒಂದು ಸಲ ಓಡಿಸಿ ನೋಡಿ, ಸುತ್ತಿ ಬರುವ ಗಾಳಿಯ ರೀತಿಯನ್ನು ಅದೂ ಬದಲಿಸುತ್ತದೆ.

ಲಕ್ಷಣ: ಗಡಗಡ ಸದ್ದು, ಸೀಟಿ ಊದಿದ ಸದ್ದು

ಸದ್ದು ಎಂಜಿನ್ ಏರಿದಂತೆ ಏರಿದರೆ ಅದು ನಡುಕದ ಸದ್ದು. ಬೈಕ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿದಾಗಲೂ ಕೇಳುತ್ತದೆ. ಆಗ ಜೊತೆಗಿದ್ದವರು ಕಂಬಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿಯಲಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿನ ರಬ್ಬರ್ ಬುಷ್ ಸವೆದಿದೆ ಅಥವಾ ಇಲ್ಲವೇ ಇಲ್ಲ. ಹತ್ತಿಪ್ಪತ್ತು ರೂಪಾಯಿಯ ಕೆಲಸ. ಸದ್ದು ವೇಗಕ್ಕೆ ತಕ್ಕಂತೆ ಏರಿದರೆ ಅದು ಗಾಳಿಯದು. ಬಳಸದ ತೂತುಗಳಿಗೆ, ಕ್ಲ್ಯಾಂಪಿನ ಸಂದಿಗೆ ಟೇಪ್ ಹಚ್ಚಿ ನೋಡಿದರೆ ಸೀಟಿ ಎಲ್ಲಿಂದ ಅಂತ ಸಿಗುತ್ತದೆ. ಮೇಲಂಚಿಗೆ ರಬ್ಬರ್ ಬೀಡಿಂಗ್ ಹಾಕಿದರೂ ಸ್ವಲ್ಪ ತಗ್ಗುತ್ತದೆ.

ಲಕ್ಷಣ: ವೇಗದಲ್ಲಿ ಹ್ಯಾಂಡಲ್ ಅಲ್ಲಾಡುತ್ತದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹ್ಯಾಂಡಲಿಗೆ ಅಥವಾ ಮುಂದಿನ ಫೋರ್ಕಿಗೆ ಕಟ್ಟಿದ ಶೀಲ್ಡಿಗೆ ಬಡಿಯುವ ಗಾಳಿ ನೇರವಾಗಿ ಹ್ಯಾಂಡಲಿಗೆ ಬರುತ್ತದೆ. ಬೈಕಿನ ಚೌಕಟ್ಟಿಗೆ ಕೂರಿಸಿದ ಶೀಲ್ಡಿನಲ್ಲಿ ಹಾಗಾಗುವುದಿಲ್ಲ.

ಅಲ್ಲಾಟ ಶುರುವಾದರೆ ಜೋರಾಗಿ ಬ್ರೇಕ್ ಹಾಕಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಕೈ ಮರಗಟ್ಟಿಸದೆ ಹ್ಯಾಂಡಲ್ ಹಿಡಿದುಕೊಳ್ಳಿ, ಹಿಂದೆ ಕೂತವರು ಅಲುಗದೆ ಕೂರಲಿ. ವೇಗ ಇಳಿದ ಮೇಲೆ ಬದಿಗೆ ನಿಲ್ಲಿಸಿ.

ಮೊದಲು ನೋಡಬೇಕಾದದ್ದು ಟೈರಿನ ಗಾಳಿ. ಟೈರ್ ತಣ್ಣಗಿದ್ದಾಗ, ಇಬ್ಬರು ಕೂತರೆ ಎಷ್ಟು ಅಂತ ಬೈಕಿನ ಪುಸ್ತಕದಲ್ಲೋ ಸ್ಟಿಕ್ಕರಿನಲ್ಲೋ ಬರೆದಿದೆಯೋ ಅಷ್ಟು ಇರಬೇಕು. ಎರಡನೆಯದು ಹಿಂದಿನ ಭಾರ. ಟಾಪ್ ಬಾಕ್ಸಿನಲ್ಲಿ ಜಾಸ್ತಿ ತುಂಬಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಮೂರನೆಯದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂಭಾಗ ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಿದಾಗ, ಫೋರ್ಕಿನ ತಳ ಹಿಡಿದು ಹಿಂದೆ ಮುಂದೆ ದೂಡಿ. 'ಟಕ್' ಅಂದರೆ ಸಡಿಲವಾಗಿದೆ. ಹ್ಯಾಂಡಲ್ ತಿರುಗಿಸುವಾಗ ನಡುವೆ ಗುಳಿಗೆ ಬಿದ್ದಂತೆ ಸಿಕ್ಕಿ ನಿಂತರೆ ಸವೆದಿದೆ. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ, ನಿಧಾನವಾಗಿ, ಒಬ್ಬರೇ. ಸರಿಯಾಗುವವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ.

ಅಡ್ಡಗಾಳಿಯನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ. ಆಷಾಢದಲ್ಲಿ ಚಿತ್ರದುರ್ಗದ ಸುತ್ತ, ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿರುವ ಕಡೆ ಹೋದವರಿಗೆ ಗೊತ್ತು, ಬೈಕ್ ಇಡಿಯಾಗಿ ಒಂದು ಕಡೆಗೆ ವಾಲುತ್ತದೆ. ದೊಡ್ಡ ಲಾರಿ ದಾಟುವಾಗಲೂ ಹಾಗೇ. ಗಾಳಿ ನಿಂತರೆ ವಾಲುವುದೂ ನಿಲ್ಲುತ್ತದೆ. ಅದು ದೋಷವಲ್ಲ. ಆದರೆ ಆ ದಾರಿಯಲ್ಲಿ ಪದೇ ಪದೇ ಓಡಾಡುವವರಿಗೆ ಹ್ಯಾಂಡಲಿಗೆ ಕಟ್ಟುವ ಅಗಲದ ಶೀಲ್ಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಲಕ್ಷಣ: ಬಿರುಕು

ಬಿರುಕು ಎಲ್ಲಿಂದ ಹೊರಟಿದೆ ನೋಡಿ, ಕಾರಣ ಅಲ್ಲೇ ಇರುತ್ತದೆ. ನಡುವೆ ನಕ್ಷತ್ರದಂತೆ ಬಿಟ್ಟಿದ್ದರೆ ಕಲ್ಲು ಬಡಿದಿದೆ. ಬೋಲ್ಟಿನ ತೂತಿನಿಂದ ಹೊರಟಿದ್ದರೆ ಕೂರಿಸುವಾಗ ಆದ ತಪ್ಪು. ಜೇಡರ ಬಲೆಯಂಥ ಸಣ್ಣ ಗೆರೆಗಳು ತುಂಬಿದ್ದರೆ ಪೆಟ್ರೋಲೋ ಬೇರೆ ರಾಸಾಯನಿಕವೋ ತಾಗಿದೆ.

ನನ್ನ ಮೊದಲ ಶೀಲ್ಡ್ ಹೋದದ್ದು ತೂತಿನಿಂದ. ಕೂರಿಸಿದವರು ಬೋಲ್ಟ್ ಸಡಿಲವಾಗಬಾರದು ಅಂತ ಒಳ್ಳೆಯ ಮನಸ್ಸಿನಿಂದಲೇ ಥ್ರೆಡ್‌ಲಾಕ್ ಅಂಟು ಹಾಕಿ, ರಬ್ಬರ್ ವಾಷರ್ ಇಲ್ಲದೆ ಬಿಗಿದಿದ್ದರು. ಮೂರನೇ ವಾರಕ್ಕೆ ಎಡಗಡೆಯ ಕೆಳಗಿನ ತೂತಿನ ಸುತ್ತ ಕೂದಲಿನಷ್ಟು ತೆಳುವಾದ ನಾಲ್ಕು ಗೆರೆ ಕಂಡವು, ಬಿಸಿಲಿಗೆ ಹಿಡಿದಾಗ ಬೆಳ್ಳಗೆ ಹೊಳೆಯುತ್ತಿದ್ದವು. ತಿಂಗಳೊಳಗೆ ಅದರಲ್ಲಿ ಒಂದು ಅಂಚು ಮುಟ್ಟಿತು. ಆಮೇಲೆ ಬೇರೆ ಕಡೆ ತೋರಿಸಿದಾಗ ಅಲ್ಲಿನ ಮೆಕ್ಯಾನಿಕ್, "ಸಾರ್, ಈ ಅಂಟು ಕಬ್ಬಿಣಕ್ಕೆ ಸರಿ, ಇದಕ್ಕೆ ವಿಷ" ಅಂದರು. ಅವರು ಹೇಳಿದ್ದು ಸರಿ. ಆ ಅಂಟು ಪಾಲಿಕಾರ್ಬೊನೇಟನ್ನು, ಅಂದರೆ ಶೀಲ್ಡ್ ಮಾಡುವ ಒಂದು ಬಗೆಯ ಪ್ಲಾಸ್ಟಿಕ್ಕನ್ನು, ತಿನ್ನುತ್ತದೆ.

ಬಿಗಿಸುವುದಕ್ಕೂ ಒಂದು ಲೆಕ್ಕ ಇದೆ. ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಮನೆಯ ನೆರಳಿನಿಂದ ಬಿಸಿಲಿಗೆ ಬಂದು 30 ಡಿಗ್ರಿ ಏರಿದರೆ 60 ಸೆಂ.ಮೀ. ಉದ್ದದ ಶೀಲ್ಡ್ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅಷ್ಟು ಸರಿಯಲು ತೂತಿನಲ್ಲಿ ಜಾಗ ಇರಲೇಬೇಕು. ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರಲಿ, ನಡುವೆ ರಬ್ಬರ್ ಬುಷ್, ಎರಡು ಕಡೆ ರಬ್ಬರ್ ವಾಷರ್. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ರಬ್ಬರ್ ಚೂರು ಉಬ್ಬಿದರೆ ನಿಲ್ಲಿಸಿ. ಸಡಿಲವಾಗುವ ಭಯವಿದ್ದರೆ ನೈಲಾನ್ ಬಳೆ ಇರುವ ಲಾಕ್ ನಟ್ ಹಾಕಿ.

ತೂತಿನಿಂದ ಹೊರಟ ಬಿರುಕು ಅಂಚು ಮುಟ್ಟಿದ್ದರೆ ಅಥವಾ ಒಂದು ತೂತಿನಿಂದ ಇನ್ನೊಂದರ ಕಡೆಗೆ ಹೋಗುತ್ತಿದ್ದರೆ ಶೀಲ್ಡ್ ಬಿಚ್ಚಿಯೇ ಬೈಕ್ ಓಡಿಸಿ. ಚಿಕ್ಕ ಬಿರುಕಿನ ತುದಿಗೆ 3 ಮಿ.ಮೀ. ತೂತು ಕೊರೆದು ನಿಲ್ಲಿಸುವ ಉಪಾಯ ಮನೆ ಸೇರುವವರೆಗೆ ಮಾತ್ರ. ಅಂಟು ಹಾಕಿ ಜೋಡಿಸಿದ ಶೀಲ್ಡನ್ನು ಹೆದ್ದಾರಿಯಲ್ಲಿ ನಂಬಬೇಡಿ.

ಲಕ್ಷಣ: ಮಸುಕು, ಹಳದಿ ಬಣ್ಣ, ಗೀರು, ರಾತ್ರಿ ಎದುರಿನ ದೀಪ ಒಡೆದು ಕಾಣುತ್ತದೆ

ಇದು ಬಹುತೇಕ ತೊಳೆಯುವ ರೀತಿಯಿಂದ ಬರುವ ದೋಷ. ಬಂಕಿನಲ್ಲಿ ಕಾರಿನ ಗಾಜು ಒರೆಸಿದ ಬಟ್ಟೆಯಲ್ಲಿ ಮರಳಿರುತ್ತದೆ, ಪೆಟ್ರೋಲೂ ಇರುತ್ತದೆ. ವಾಟರ್ ಸರ್ವಿಸ್‌ನಲ್ಲಿ ಎಂಜಿನ್ನಿಗೆ ಹೊಡೆಯುವ ಡೀಸೆಲ್ ಶೀಲ್ಡಿಗೂ ಹಾರುತ್ತದೆ. "ಅಣ್ಣ, ಶೀಲ್ಡಿಗೆ ಬರೀ ನೀರು" ಅಂತ ಮೊದಲೇ ಹೇಳಿಬಿಡಿ. ಕಿಟಕಿ ಗಾಜಿನ ಸ್ಪ್ರೇಗಳಲ್ಲಿ ಅಮೋನಿಯಾ ಇದ್ದರೆ ಅದೂ ಪಾಲಿಕಾರ್ಬೊನೇಟಿಗೆ ಆಗದು. ಬ್ರೇಕ್ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ.

ಸಂಜೆ ಹುಳು ಅಂಟಿಕೊಂಡಿದ್ದರೆ ಉಜ್ಜಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ಮೆತ್ತಗಾಗುತ್ತವೆ. ಆಮೇಲೆ ಒಂದು ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ, ಅಂಗೈಯಲ್ಲೇ ಸವರಿ ತೊಳೆಯಿರಿ. ಮರಳಿನ ಕಣ ಇದ್ದರೆ ಅಂಗೈಗೆ ಗೊತ್ತಾಗುತ್ತದೆ, ಬಟ್ಟೆಗೆ ಗೊತ್ತಾಗುವುದಿಲ್ಲ.

ಅಕ್ರಿಲಿಕ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಶೀಲ್ಡಾದರೆ ಸಣ್ಣ ಗೀರನ್ನು ಪ್ಲಾಸ್ಟಿಕ್ ಪಾಲಿಶ್‌ನಿಂದ ತಿದ್ದಬಹುದು. ಮೇಲ್ಲೇಪ ಇರುವ ಪಾಲಿಕಾರ್ಬೊನೇಟನ್ನು ಉಜ್ಜಿದರೆ ಲೇಪವೇ ಹೋಗುತ್ತದೆ, ಟೂತ್‌ಪೇಸ್ಟ್ ಉಪಾಯವೂ ಬೇಡ. ಹಳದಿಯಾದದ್ದು ಒಳಗಿನಿಂದ ಆದ ಬದಲಾವಣೆ, ತೊಳೆದರೆ ಹೋಗುವುದಿಲ್ಲ. ರಾತ್ರಿ ಎದುರಿನ ದೀಪ ಶೀಲ್ಡಿನ ಮೂಲಕ ನಕ್ಷತ್ರವಾಗಿ ಒಡೆದು ಕಾಣುತ್ತಿದ್ದರೆ, ಮತ್ತು ನೀವು ಅದರ ಮೂಲಕವೇ ನೋಡಬೇಕಾದ ಎತ್ತರದ್ದಾದರೆ, ಅದನ್ನು ಬದಲಿಸಲೇಬೇಕು. ಅಲ್ಲಿಯವರೆಗೆ ಕತ್ತಲಲ್ಲಿ ಓಡಿಸಬೇಡಿ.

ಕೊನೆಗೂ ಬದಲಿಸುವುದೇ ಆದರೆ

ಅಂಗಡಿಯಲ್ಲಿ ಗ್ಲಾಸ್ ಅಂತಾರೆ, ವೈಸರ್ ಅಂತಾರೆ. ವಸ್ತು ಯಾವುದು ಅಂತ ಕೇಳಿ. ಅಕ್ರಿಲಿಕ್ ತಿಳಿಯಾಗಿರುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ, ಗೀರೂ ಕಡಿಮೆ. ಆದರೆ ಪೆಟ್ಟಿಗೆ ಚೂರಾಗುತ್ತದೆ. ಪಾಲಿಕಾರ್ಬೊನೇಟ್ ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಬಿಸಿಲು ಮತ್ತು ಗೀರು ತಡೆಯುವ ಲೇಪ ಇರಲೇಬೇಕು. ಹಿಂದೆ ಮನೆಯವರನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ನಾನು ಹೇಳುವುದು ಲೇಪ ಇರುವ ಪಾಲಿಕಾರ್ಬೊನೇಟ್. ದೊಡ್ಡ ಶೀಲ್ಡ್ 3 ಮಿ.ಮೀ.ಗಿಂತ ತೆಳು ಬೇಡ, ವೇಗದಲ್ಲಿ ಹಾಳೆಯಂತೆ ನಡುಗುತ್ತದೆ. ಕರಾವಳಿಯವರು ಕಂಬಿ ಸ್ಟೇನ್‌ಲೆಸ್ ಸ್ಟೀಲಿನದೇ ಅಂತ ನೋಡಿಕೊಳ್ಳಿ, ಉಪ್ಪುಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣ ಉಳಿಯುವುದಿಲ್ಲ. ಕಪ್ಪು ಬಣ್ಣದ್ದು ಬೇಕೆಂದರೆ ಅದರ ಮೇಲಿನಿಂದ ನೋಡುವಷ್ಟು ಗಿಡ್ಡದ್ದೇ ಇರಲಿ.

ಎತ್ತರ ಅಳೆಯುವುದು ಹೀಗೆ. ಹಿಂದೆ ಕೂರುವವರನ್ನೂ ಕೂರಿಸಿಕೊಂಡು, ಇಬ್ಬರೂ ಹೆಲ್ಮೆಟ್ ಹಾಕಿ, ಯಾರಾದರೂ ಬೈಕ್ ನೆಟ್ಟಗೆ ಹಿಡಿದಿರಲಿ. ಶೀಲ್ಡಿನ ಮೇಲಂಚು ಓಡಿಸುವವರ ಮೂಗಿನ ತುದಿಯ ಮಟ್ಟಕ್ಕೆ ಬರಬೇಕು. ಆಗ ಮುಂದಿನ ರಸ್ತೆ ಅಂಚಿನ ಮೇಲಿನಿಂದ ಕಾಣುತ್ತದೆ, ಮಳೆಯಲ್ಲೂ ತೊಂದರೆಯಿಲ್ಲ. ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವುದಾದರೆ ಬೈಕಿನಲ್ಲೇ ಹೋಗಿ, ಜೊತೆಗೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಕೂರಿಸಿ ಅಳತೆ ನೋಡಲು ಬಿಡದ ಅಂಗಡಿಯಲ್ಲಿ ದುಡ್ಡು ಕೊಡಬೇಡಿ. ಬಿಲ್ಲು ಇಟ್ಟುಕೊಳ್ಳಿ. ಕೂರಿಸಿದ ಮೇಲೆ ಮೊದಲ ನೂರು ಕಿ.ಮೀ. ಆದಾಗ ಬೋಲ್ಟ್‌ಗಳನ್ನು ಇನ್ನೊಮ್ಮೆ ಕೈಯಾರೆ ಮುಟ್ಟಿ ನೋಡಿ, ತೂತುಗಳ ಸುತ್ತ ಬಿಳಿಗೆರೆ ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ.